ಹೆಂಗೂ ಒಡದೀವಿ!

ಕಣ್ಣು ಮುಚ್ಚಿದರೂ ಮನಿಷಾಳಿಗೆ ಆ ಕಪ್ಪು ಕಲೆಯೇ ಕಾಣುತ್ತಿತ್ತು. ಬೆಳಗಾವಿಯ ಮಹಾಂತೇಶ ನಗರದ ಅವರ ಹಳೆಯ ಮನೆಯ ಒಳಕೋಣೆಯಲ್ಲಿ, ಮೂರು ವರ್ಷದ ಮಗಳು ಸೃಷ್ಟಿ ಮಲಗುವ ಮಂಚದ ಪಕ್ಕದ ಗೋಡೆಯೇ ಅದರ ವಾಸಸ್ಥಾನ. ಗೋಡೆಯ ಆಚೆ ಬಚ್ಚಲು. ಎಲ್ಲಿಂದಲೋ ಜಿನುಗುವ ನೀರು, ಎಲ್ಲಿಗೋ ಏರುವ ತೇವ. ಹೋದ ಮಳೆಗಾಲದಲ್ಲಿ ಅಂಗೈಯಷ್ಟಿದ್ದದ್ದು ದೀಪಾವಳಿಗೆ ತಾಲೂಕಾಯಿತು. ಈಗ ಜೂನಿನ ಮಿರಗದ ಮಳೆ ಬೀಳುವ ಹೊತ್ತಿಗೆ ಪೂರಾ ಜಿಲ್ಲೆಯೇ ಆಗಿ, ಕಿಟಕಿಯ ಕಡೆಗೆ ಗಡಿ ಸರಿಸುತ್ತ ಹೊರಟಿತ್ತು. ಗಡಿ ಸರಿದಷ್ಟೂ ಮಗಳ ಎದೆಯಲ್ಲಿ ಸುಂಯ್ ಎನ್ನುವ ಸಪ್ಪಳ ಹೆಚ್ಚುತ್ತಿತ್ತು.

ಆ ಸಪ್ಪಳ ಕೇಳಿದರೆ ಮನಿಷಾ ಒಲೆಯ ಮೇಲಿನ ಹಾಲು ಮರೆಯುತ್ತಿದ್ದಳು. ಕೇಳದಿದ್ದರೆ, ಯಾಕೆ ಕೇಳಲಿಲ್ಲವೆಂದು ಗಾಬರಿಯಾಗಿ ಮಗಳ ಮೂಗಿನ ಕೆಳಗೆ ಬೆರಳು ಹಿಡಿದು, ಚೆನ್ನಾಗಿ ಮಲಗಿದ ಕೂಸನ್ನು ಎಬ್ಬಿಸಿಬಿಡುತ್ತಿದ್ದಳು!

ಊರಿನ ಕ್ಯಾಂಪ್ ಭಾಗದಲ್ಲಿರುವ ಮಕ್ಕಳ ಡಾಕ್ಟರು ಮಗುವಿನ ಬೆನ್ನಿಗೆ ಸ್ಟೆತಸ್ಕೋಪು ಹಚ್ಚಿ, ಕಲೆಯ ಫೋಟೋವನ್ನೂ ನೋಡಿ, ಕನ್ನಡಕ ತೆಗೆದರು.

"ಎದಿಗೆ ಔಷಧ ನಾ ಕೊಡ್ತೀನ್ರಿ. ಗ್ವಾಡಿಗೆ ಯಾರು ಕೊಡಬೇಕು? ಹಸಿ ಗ್ವಾಡಿ ಬಾಜೂಕ ಕೂಸಿನ್ನ ಮಲಗಿಸಿದ್ರ ನಾ ಕೊಟ್ಟಿದ್ದೆಲ್ಲಾ ಗಟಾರಕ್ಕ ಹೋದಂಗ."

ಅಂದೇ ಮನಿಷಾ ಪ್ರತಿಜ್ಞೆ ಮಾಡಿದಳು. ಬಿ.ಕಾಂ.ನಲ್ಲಿ ಡಿಸ್ಟಿಂಕ್ಷನ್ ಪಡೆದು, ಅದನ್ನು ಇಷ್ಟು ವರ್ಷ ಕಿರಾಣಿ ಅಂಗಡಿಯವನ ಕೂಡ ಜಗಳವಾಡುವುದಕ್ಕೆ ಮಾತ್ರ ಬಳಸಿದ್ದ ಬುದ್ಧಿಗೆ ಕೊನೆಗೂ ಒಂದು ರಣರಂಗ ಸಿಕ್ಕಿತ್ತು!

"ನೋಡ್ರಿ, ಈ ಮನಿ ರಿಪೇರಿ ನಾ ಮಾಡಿಸ್ತೀನಿ. ಬ್ಯಾಂಕಿನ್ಯಾಗ ಇಟ್ಟ ಠೇವಣಿ ಎಷ್ಟೈತಿ ಅಷ್ಟರಾಗ ಮಾಡಿಸ್ತೀನಿ. ಒಂದ ಪೈಸಾ ಮ್ಯಾಲ ಹೋದ್ರ ನನ್ನ ಹೆಸರ ತಗೀರಿ!"

ಗಂಡ ಬಾಳೇಶ ನೀರಾವರಿ ಕಚೇರಿಯ ಗುಮಾಸ್ತ. ಊರೂರ ಕಾಲುವೆಗಳ ನೀರು ಎಲ್ಲಿ ಸೋರುತ್ತದೆಂದು ಬರೆದಿಡುವುದೇ ಅವನ ಕೆಲಸ. ಸ್ವಂತ ಬಚ್ಚಲಿನದು ಮಾತ್ರ ಪತ್ತೆಯಾಗಿರಲಿಲ್ಲ. ಅವನು ಚಹಾದ ಕಪ್ಪಿನಿಂದ ತಲೆ ಎತ್ತದೆ ಹೇಳಿದ.

"ಹೆಸರ ತಗದ್ರ ರೇಷನ್ ಕಾರ್ಡಿನ್ಯಾಗಿಂದೂ ತಗೀಬೇಕಾಗ್ತೈತಿ. ಭಾಳ ಓಡಾಟ. ಸುಮ್ನ ಇರಲಿ ಬಿಡು."

ಮನಿಷಾ ಸುಮ್ಮನಿರುವ ಪೈಕಿ ಅಲ್ಲ. ಮನೆ ರಿಪೇರಿಯನ್ನು ಜಾಣತನದಿಂದ ಮಾಡಿಸುವುದು ಹೇಗೆ ಎಂಬ ವಿಡಿಯೋಗಳನ್ನು ಸೊಪ್ಪು ಸೋಸುತ್ತ, ಮಗಳಿಗೆ ಉಣಿಸುತ್ತ, ಹಲ್ಲುಜ್ಜುತ್ತ ನೋಡಿ ಮುಗಿಸಿದಳು. ಅದರಲ್ಲೊಬ್ಬ ಹುಡುಗ ಬಿಳೀ ಗೋಡೆಯ ಮುಂದೆ ನಿಂತು ಮೂರು ಮಂತ್ರ ಉಪದೇಶಿಸಿದ್ದ: ಯಾರೂ ಕೆಲಸ ಹಿಡಿಯದ ಕಾಲದಲ್ಲಿ ಹಿಡಿಯಿರಿ, ಕೂಲಿ ಅಗ್ಗ; ಗುತ್ತಿಗೆ ಕೊಡಬೇಡಿ, ದಿನಗೂಲಿಗೆ ಮಾಡಿಸಿ; ಎಲ್ಲಕ್ಕಿಂತ ಮುಖ್ಯ, ಮನೆಯವರು ಸ್ಥಳ ಬಿಟ್ಟು ಕದಲಬೇಡಿ, ಮಾಲೀಕನ ಕಣ್ಣಿದ್ದರೆ ಪೋಲಾಗುವುದಿಲ್ಲ. ಅವನ ಹಿಂದಿನ ಗೋಡೆ ಅಷ್ಟು ಒಣಗಿತ್ತೆಂದರೆ ಮನಿಷಾಳಿಗೆ ಅವನ ಮಾತಿನಲ್ಲಿ ಸಂಶಯವೇ ಹುಟ್ಟಲಿಲ್ಲ.

ಮೊದಲು ಬಂದವರು ಕಂತ್ರಾಟುದಾರ ಬಾಳಾಸಾಹೇಬ. ಬೆರಳಿನಿಂದ ಗೋಡೆ ತಟ್ಟಿ ತಟ್ಟಿ ನೋಡಿ, ನಾಡಿ ಸಿಗದವರಂತೆ ತಲೆಯಾಡಿಸಿದರು.

"ಆಷಾಢ ಒಂದ ಮುಗೀಲಿ ತಾಯಿ. ಆಮ್ಯಾಲ ಹಿಡೀತೀನಿ."

"ಆಷಾಢದಾಗ ಯಾಕ ಆಗೂದಿಲ್ಲ? ಕೆಲಸ ಮನಿ ಒಳಗಿಂದು. ಮಳಿ ಏನ್ ಒಳಗ ಬರ್ತೈತೇನು?"

ಬಾಳಾಸಾಹೇಬರು ಏನೋ ಹೇಳಲು ಬಾಯಿ ತೆರೆದು, ಅವಳ ಕೈಯಲ್ಲಿನ ಕ್ಯಾಲ್ಕುಲೇಟರ್ ನೋಡಿ ಮುಚ್ಚಿಕೊಂಡರು. ಅವರು ಹೇಳಿದ ಮೊತ್ತವನ್ನು ಮನಿಷಾ ಅಲ್ಲೇ ಭಾಗಿಸಿ, ಗುಣಿಸಿ, ಅದರಲ್ಲಿ ಲಾಭವೆಷ್ಟು, ಆಸೆಯೆಷ್ಟು ಎಂದು ಬಿಡಿಸಿ ತೋರಿಸಿದಳು. ಅವರು ನಮಸ್ಕಾರ ಹೇಳಿ ಚಪ್ಪಲಿ ಮೆಟ್ಟಿದರು.

ಇನ್ನು ಅತ್ತೆ. ರೇಣವ್ವ ನಂದಗಡದಿಂದ ಫೋನು ಮಾಡಿದಳು.

"ಮನಿ ಒಡಿಯಾಕ ಹತ್ತೀರಂತ. ಕೂಸಿನ್ನ ಕರ್ಕೊಂಡ ಇಲ್ಲಿ ಬಂದಬಿಡ ಮನಿಷಾ. ಧೂಳಾಗ ಯಾಕ ಇರ್ತೀರಿ?"

"ಬ್ಯಾಡ್ರಿ ಅತ್ತಿ. ನಾವು ಇಲ್ಲೇ ಇದ್ರ ರೊಕ್ಕ ಉಳೀತೈತಿ. ಮತ್ತ ಅಲ್ಲಿ ಕುರಿ, ಕಂಬಳಿ... ಸೃಷ್ಟಿಗೆ ಆಗಿಬರೂದಿಲ್ರಿ. ಹದಿನೈದ ದಿನದಾಗ ಮುಗೀತೈತಿ. ಲೆಕ್ಕ ಹಾಕೀನಿ."

ರೇಣವ್ವನ ಮನೆತನ ಮೂರು ತಲೆಮಾರಿನಿಂದ ಕುರಿ ಕಾಯ್ದದ್ದು. ಬಾಳೇಶ ಆ ಕಂಬಳಿಯೊಳಗೇ ಬೆಳೆದು ಸರಕಾರಿ ನೌಕರನಾದವನು.

"ಆತ ಬಿಡವಾ," ಎಂದಳು ರೇಣವ್ವ. ಅಂದಿನಿಂದ ಅವಳು ಮಗನಿಗೆ ಮಾತ್ರ ಫೋನು ಮಾಡತೊಡಗಿದಳು.

ಖಾನಾಪುರದ ಆಚೆಯ ಹಳ್ಳಿಯೊಂದರಿಂದ ಗಾರೆ ಕೆಲಸದ ಗವಂಡಿ ಯಲ್ಲೇಶ ಬಂದ. ಅದರ ಪಕ್ಕದ ಊರಿನಿಂದ ಪ್ಲಂಬರ್ ಭರಮಣ್ಣ ಬಂದ. ಇಬ್ಬರೂ ಪಾಪದವರು, ಕೂಲಿ ಅಗ್ಗ, ಬಾಯಲ್ಲಿ ಅತ್ತಿಗೆ ಎಂಬರ್ಥದ "ವೈನಿ" ಬಿಟ್ಟರೆ ಬೇರೆ ಮಾತಿಲ್ಲ. ಮನಿಷಾ ಮಗಳನ್ನು ನಡುಮನೆಯಲ್ಲಿ ಹಾಸಿಗೆ ಮಾಡಿ ಮಲಗಿಸಿ, ನಡುವೆ ಹಳೆಯ ಸೀರೆಗಳ ಪರದೆ ಕಟ್ಟಿ, ಮಾಲೀಕನ ಕಣ್ಣು ತೆರೆದು ಕುರ್ಚಿ ಹಾಕಿಕೊಂಡು ಕುಳಿತಳು.

ಬಚ್ಚಲಿನ ಒಂದು ಟೈಲ್ಸು ಎದ್ದಿತು. ಅದರ ಹಿಂದೆ ತುಕ್ಕು ಹಿಡಿದ ಪೈಪು. ಪೈಪಿನ ಬೆನ್ನು ಹತ್ತಿದರೆ ಅದು ಅಡುಗೆಮನೆಯ ಕಟ್ಟೆಯ ಕೆಳಗೆ ನುಸುಳಿತ್ತು. ಕಟ್ಟೆ ಒಡೆದರೆ ಅದು ಹಿತ್ತಿಲ ಗೋಡೆ ಸೀಳಿಕೊಂಡು ಹೊರಗೆ ಹೋಗಿತ್ತು. ಹೀಗೆ ಒಂದು ಕಲೆಯನ್ನು ಅಳಿಸಲು ಹೋಗಿ, ಸಂಜೆಯೊಳಗೆ ಮನೆಯಲ್ಲಿ ಬಚ್ಚಲೂ ಇಲ್ಲ, ಒಲೆಯೂ ಇಲ್ಲ, ಹಿತ್ತಿಲ ಕಡೆಯಲ್ಲಿ ಗೋಡೆಯೂ ಅರ್ಧ ಇಲ್ಲ! ಆಪತ್ತಿಗೆಂದು ಬೇರೆಯಾಗಿ ಎತ್ತಿಟ್ಟಿದ್ದ ಹಣ ಮೊದಲ ದಿನವೇ ವೀರಮರಣ ಅಪ್ಪಿತು.

ಆಮೇಲೆ ಆ ಮಾತು ಶುರುವಾಯಿತು. ಕನ್ನಡದಲ್ಲಿ ಅದಕ್ಕಿಂತ ದುಬಾರಿಯಾದ ಮಾತು ಇರಲಾರದು. ಮೊದಲು ಉಚ್ಚರಿಸಿದವನು ಯಲ್ಲೇಶ.

"ವೈನಿ, ಹೆಂಗೂ ಒಡದೀವಿ, ಕಟ್ಟಿ ಒಂಚೂರು ಉದ್ದ ಮಾಡೂಣಲ್ರಿ?"

ಖರೇ ಅನ್ನಿಸಿತು. ಹೇಗೂ ಒಡೆದಾಗಿದೆ. ಕಟ್ಟೆ ಉದ್ದವಾಯಿತು. ಕಟ್ಟೆ ಉದ್ದವಾದ ಮೇಲೆ ಹಳೆಯ ಕಡಪಾ ಕಲ್ಲು ಸಾಲಲಿಲ್ಲ. ಹೇಗೂ ಹೊಸದು ತರಬೇಕು, ಗ್ರಾನೈಟೇ ಬರಲಿ. ಗ್ರಾನೈಟು ಬಂದ ಮೇಲೆ ಸುತ್ತಲಿನ ಟೈಲ್ಸು ಭಿಕಾರಿಯಂತೆ ಕಂಡವು. ಹೇಗೂ ಯಲ್ಲೇಶ ಇಲ್ಲೇ ಇದ್ದಾನೆ! ಮನಿಷಾ ಸ್ವತಃ ಕನಸಿನಲ್ಲೂ "ಹೆಂಗೂ, ಹೆಂಗೂ" ಎಂದು ಕನವರಿಸಿದಳಂತೆ. ಬಾಳೇಶ ಮುಂಜಾನೆ ವರದಿ ಮಾಡಿದ.

"ನಿನ್ನಿ ಕನಸಿನ್ಯಾಗ ಏನೇನ್ ಒಡಿಸಿದಿ? ನನಗ ಮೊದಲ ಹೇಳು, ಆಫೀಸಿಗೆ ಹೋಗೂ ಮುಂದ ಬ್ಯಾಂಕಿಗೆ ಹೋಗಬೇಕಾಗ್ತೈತಿ."

ಮಗಳ ಕೋಣೆಯ ಗೋಡೆ ಮಾತ್ರ ಹಾಗೇ ಇತ್ತು. ಪೈಪು ಕೂಡಿಸಿದ ಮೇಲೆ ಅದು. ಅದೇ ಕಟ್ಟಕಡೆಗೆ!

ಹೀಗಿರುವಾಗ ಮಂಗಳವಾರ ಬಂತು. ಎಂಟಾಯಿತು, ಒಂಬತ್ತಾಯಿತು, ಯಲ್ಲೇಶನಿಲ್ಲ. ಫೋನು ಹಚ್ಚಿದರೆ ಹಿಂದೆ ಕೋಳಿ ಕೂಗುವ ಸಪ್ಪಳ.

"ವೈನಿ, ನಮ್ಮೂರಾಗ ವಾರ ಹಿಡದಾರ್ರಿ. ಆಷಾಢ ಮುಗಿಯೂಮಟ ಮಂಗಳವಾರಕ್ಕೊಮ್ಮೆ ಊರಾಗ ಯಾರೂ ಹತ್ಯಾರ ಮುಟ್ಟೂದಿಲ್ರಿ. ನೇಗಲಾ ಹೂಡೂದಿಲ್ಲ, ಕೊಡ್ಲಿ ಎತ್ತೂದಿಲ್ಲ."

"ಊರಾಗ ಮುಟ್ಟಬ್ಯಾಡ್ರಿ ಯಲ್ಲೇಶಣ್ಣಾ, ಇಲ್ಲಿ ಬಂದು ಮುಟ್ರಿ! ಇದು ಮಹಾಂತೇಶ ನಗರ!"

"ಕೈ ಊರಿಂದಲ್ರಿ ವೈನಿ?"

ಎರಡು ಪಟ್ಟು ಕೂಲಿ ಎಂದಳು. ಆ ಕಡೆ ಯಲ್ಲೇಶನ ಅವ್ವ ಏನೋ ಬೈದದ್ದು ಕೇಳಿಸಿ ಫೋನು ಕಟ್ಟಾಯಿತು.

ಸರಿ, ಒಂದು ದಿನ ತಾನೆ? ಬುಧವಾರ ಬಂದರು, ಗುರುವಾರ ಬಂದರು. ಶುಕ್ರವಾರ ಯಲ್ಲೇಶ ಒಬ್ಬನೇ ಬಂದು, ಚಹಾ ಕುಡಿದು, ಬಾಯಿ ತೆರೆದು ಬಿದ್ದ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಭರಮಣ್ಣ ಎಲ್ಲಿ?"

"ಅವರೂರಾಗ ಶುಕ್ಕರವಾರ ಹಿಡೀತಾರ್ರಿ."

"ಬಾಜೂಬಾಜೂಕ ಊರು! ಒಂದ ದಿನಾ ಹಿಡೀಬಾರದೇನು?"

"ಅವರ ದೇವರ ಬ್ಯಾರೆ, ನಮ್ಮ ದೇವರ ಬ್ಯಾರೆ ಅಲ್ರಿ. ಅಂವ ಪೈಪ್ ಕೂಡಸದ ನನಗ ಕಟ್ಟಾಕ ಬರೂದಿಲ್ಲ, ನಾ ಒಡೀದ ಅವಂಗ ಕೂಡಸಾಕ ಬರೂದಿಲ್ಲ."

ಮಂಗಳವಾರ ಒಡೆಯುವವನಿಲ್ಲ, ಶುಕ್ರವಾರ ಕೂಡಿಸುವವನಿಲ್ಲ, ರವಿವಾರ ಇಬ್ಬರಿಗೂ ರಜೆ. ಉಳಿದ ದಿನ ಮಳೆರಾಯ ತನ್ನ ಪಾಳಿ ಬಿಡಲಿಲ್ಲ. ಖಾನಾಪುರದ ಕಡೆ ಹಳ್ಳ ತುಂಬಿ ಬಸ್ಸು ನಿಂತವು. ಮನಿಷಾ ತನ್ನ ಲೆಕ್ಕದಲ್ಲಿ ಹದಿನೆಂಟು ಪರ್ಸೆಂಟಿನ ಜಿ.ಎಸ್.ಟಿ. ಹಿಡಿದಿದ್ದಳು, ಮರಳಿನ ಸಾಗಾಟ ಹಿಡಿದಿದ್ದಳು, ಕೆಲಸಗಾರರ ಚಹಾಕ್ಕೆ ಹಾಕುವ ಶುಂಠಿಯನ್ನೂ ಹಿಡಿದಿದ್ದಳು. ಎರಡು ಊರು ಹಿಡಿಯುವ ಎರಡು ವಾರವನ್ನು ಹಿಡಿದಿರಲಿಲ್ಲ! ಬೆಳಗಾವಿಯಲ್ಲೇ ಹುಟ್ಟಿ ಬೆಳೆದವಳಿಗೆ ಆಷಾಢದಲ್ಲಿ ಸುತ್ತಲಿನ ಹಳ್ಳಿಗಳು ಕೈಕಟ್ಟಿ ಕೂರುವುದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಅದು ಹಳ್ಳಿಯ ಸುದ್ದಿ, ತನ್ನ ಬಚ್ಚಲಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡಿದ್ದಳು.

ದಿನಾ ಸಂಜೆ ರೇಣವ್ವ ಮಗನಿಗೆ ಫೋನು ಮಾಡುತ್ತಿದ್ದಳು. ಮಳೆಗೆಂದು ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದ್ದ ಹಿತ್ತಿಲ ಗೋಡೆಯ ಪಕ್ಕ ನಿಂತು, ಕರೆಂಟಿನ ಒಲೆಯ ಮೇಲೆ ಅನ್ನ ಬೇಯಿಸುತ್ತ ಮನಿಷಾ ಕೈಸನ್ನೆ ಮಾಡುತ್ತಿದ್ದಳು, ಮುಗೀತಂತ ಹೇಳ್ರಿ, ಮುಗೀತಂತ ಹೇಳ್ರಿ!

"ಮುಗಿಯಾಕ ಬಂದೈತೆವ್ವಾ," ಎನ್ನುತ್ತಿದ್ದ ಬಾಳೇಶ. ತಲೆಯ ಮೇಲೆ ತಾಡಪತ್ರಿ ಪಟಪಟ ಬಡಿದುಕೊಳ್ಳುತ್ತಿತ್ತು.

"ಅದೇನೋ ಸಪ್ಪಳ?"

"ಟಿವಿ, ಅವ್ವಾ."

ಫೋನು ಇಟ್ಟು ಹೆಂಡತಿಯ ಕಡೆ ತಿರುಗುತ್ತಿದ್ದ. "ನಿನ್ನ ಬಜೆಟ್‌ನ್ಯಾಗ ನನ್ನ ಸುಳ್ಳಿಗೆ ಎಷ್ಟ ಇಟ್ಟೀದಿ?"

ನಗಬೇಕಾದ ಮಾತು. ಆದರೆ ಸೀರೆಯ ಪರದೆಯಾಚೆ ಸೃಷ್ಟಿ ಕೆಮ್ಮುತ್ತಿದ್ದಳು, ಇಬ್ಬರೂ ನಗಲಿಲ್ಲ. ಸಿಮೆಂಟಿನ ಧೂಳಿಗೆ ಪರದೆ ಗೊತ್ತಾಗುತ್ತದೆಯೇ? ಉಪ್ಪಿನ ಡಬ್ಬಿಯಲ್ಲಿ ಧೂಳು, ದೇವರ ತಲೆಯ ಮೇಲೆ ಧೂಳು, ಮಗಳ ರೆಪ್ಪೆಯ ಮೇಲೆ ಧೂಳು. ಮನಿಷಾ ದಿನವಿಡೀ ಒರೆಸುತ್ತಿದ್ದಳು, ಸಂಜೆಗೆ ಒರೆಸುವ ಬಟ್ಟೆಯೇ ಗಟ್ಟಿಯಾಗಿ ಹಂಚಿನಂತೆ ನಿಲ್ಲುತ್ತಿತ್ತು. ಮುಂಜಾನೆ ಸಂಜೆ ಕರೆಂಟಿನ ನೆಬುಲೈಜರ್ ಮಷೀನು ಹಚ್ಚಿ ಮಗಳ ಮೂಗಿಗೆ ಔಷಧದ ಹೊಗೆ ಹಿಡಿಸುತ್ತ, "ಇನ್ನೊಂದ ವಾರ ಪುಟ್ಟಿ, ಇನ್ನೊಂದ ವಾರ" ಎನ್ನುತ್ತಿದ್ದಳು. ವಾರದ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ!

ಮತ್ತೊಂದು ಮಂಗಳವಾರ. ಯಲ್ಲೇಶನ ಊರು ಕೈಕಟ್ಟಿ ಕೂತಿತು. ಮನಿಷಾಳ ಸಹನೆ ಮಾತ್ರ ಕೂರಲಿಲ್ಲ.

"ಇವತ್ತೊಂದ ದಿನಾ ರಜಾ ಹಾಕ್ರಿ. ಆ ಗ್ವಾಡಿಗೆ ವಾಟರ್‌ಪ್ರೂಫ್ ನಾವ ಬಳಿಯೂಣು. ಡಬ್ಬಿ ಮ್ಯಾಲ ಚಿತ್ರಾ ಹಾಕಿ ತೋರಿಸ್ಯಾರ. ಒಂದ ಹೆಣ್ಣಮಗಳು ನಕ್ಕೋತ ಬಳ್ಯಾಕತ್ತಾಳ!"

"ಆಕಿ ಮನಿಗೆ ಭರಮಣ್ಣ ಬಂದಿರಾಕಿಲ್ಲ," ಎಂದ ಬಾಳೇಶ. ಆದರೂ ರಜೆ ಹಾಕಿದ.

ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಗೋಡೆ ಸಂಪೂರ್ಣ ಒಣಗಿರಬೇಕು. ಹೊರಗೆ ಮಳೆ ಅಂಗಳವನ್ನು ಕೆರೆ ಮಾಡುತ್ತಿದೆ. ಒಣಗುವುದು ಎಲ್ಲಿಂದ? ಆಗ ಮನಿಷಾಳ ಮಿದುಳಿನಲ್ಲಿ ಮಿಂಚಿತು, ಮದುವೆಯಲ್ಲಿ ಉಡುಗೊರೆ ಬಂದ ಕೂದಲು ಒಣಗಿಸುವ ಯಂತ್ರ! ಜಿಲ್ಲೆಯಷ್ಟು ಅಗಲದ ತೇವದ ಮುಂದೆ, ಅಂಗೈಯಷ್ಟು ಬಿಸಿಗಾಳಿ ಹಿಡಿದು, ವೀರಾವೇಶದಿಂದ ನಿಂತಳು.

ಬಾಳೇಶ ಬಕೆಟ್ಟು ಹಿಡಿದು ನೋಡಿದ. "ಗ್ವಾಡಿಗೆ ತಲಿ ಸ್ನಾನ ಆತು. ಒಣಗಿದ ಮ್ಯಾಲ ಜಡಿ ಹಾಕಿ ಮಲ್ಲಿಗಿ ಮುಡಿಸು."

"ಮಾತು ಸಾಕ. ಬಳೀರಿ!"

ಬಳಿದರು. ಡಬ್ಬಿ ತೆರೆದ ಕೂಡಲೇ ಮೂಗು ಸುಡುವ ವಾಸನೆ ಎದ್ದಿತು. ಕಿಟಕಿ ತೆರೆಯೋಣವೆಂದರೆ ಮಳೆ ಒಳಗೆ ಬಂದು ಗೋಡೆ ತೋಯುತ್ತದೆ; ಮುಚ್ಚಿಯೇ ಬಳಿದರು. ಒಣಗಿಸುವ ಯಂತ್ರವನ್ನು ಎತ್ತರಕ್ಕೆ ಎಟುಕಿಸಲು ಮನಿಷಾ ಅದನ್ನು ಚುಚ್ಚಿದ್ದ ಎಕ್ಸ್‌ಟೆನ್ಶನ್ ವಯರಿನ ಡಬ್ಬಿಯನ್ನು ಎಳೆದಳು. ಅದು ಹಸಿ ನೆಲದ ಮೇಲೆ ಜಾರಿ ಒಡೆದ ಬಚ್ಚಲಿನ ನೀರಿಗೆ ಬಿತ್ತು. ಚಟಾರೆಂದು ಒಂದು ಸಪ್ಪಳ. ಯಂತ್ರ ನಿಂತಿತು, ಫ್ಯಾನು ನಿಂತಿತು, ಇಡೀ ಮನೆ ಕತ್ತಲಾಯಿತು. ಬಾಳೇಶ ಮೀಟರಿನ ಗುಂಡಿ ಎತ್ತಿದರೆ ಅದು ಎತ್ತಿದಷ್ಟೂ ಬಿತ್ತು.

"ಆತ," ಎಂದ. "ಗ್ವಾಡೀನೂ ಒಣಗಲಿಲ್ಲ, ನಿನ್ನ..."

ಮಾತು ಮುಗಿಯಲಿಲ್ಲ. ಪರದೆಯ ಆಚೆಯಿಂದ ಆ ಸಪ್ಪಳ ಬಂತು. ಸುಂಯ್ ಅಲ್ಲ, ಅದಕ್ಕಿಂತ ಸಣ್ಣದು, ಗಟ್ಟಿಯಾಗಿ ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಗಾಳಿ ನುಸುಳಿದಂತೆ.

ಸೃಷ್ಟಿ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಅಳುತ್ತಿರಲಿಲ್ಲ. ಅಳಲು ಉಸಿರು ಸಾಲುತ್ತಿರಲಿಲ್ಲ. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆಯುತ್ತಿತ್ತು. ಮನಿಷಾ ಮಷೀನು ತಂದು ಔಷಧ ಸುರಿದು ಗುಂಡಿ ಒತ್ತಿದಳು. ಒತ್ತಿದಳು, ಮತ್ತೆ ಒತ್ತಿದಳು. ಕರೆಂಟು ಎಲ್ಲಿಂದ ಬರಬೇಕು?

"ಅವ್ವಾ," ಎಂದಿತು ಮಗು, ಅರ್ಧ ಮಾತಿನಲ್ಲಿ.

ಮನಿಷಾ ಮಗಳನ್ನು ಎದೆಗವುಚಿಕೊಂಡು ಬರಿಗಾಲಿನಲ್ಲಿ ಓಡಿದಳು. ಬಾಳೇಶ ಕೊಡೆ ಹುಡುಕುವುದು ಬಿಟ್ಟು ತಾಡಪತ್ರಿಯನ್ನೇ ಕಿತ್ತುಕೊಂಡು ಅವರಿಬ್ಬರ ಮೇಲೆ ಹಿಡಿದು ಬೆನ್ನಿಗೆ ಬಂದ. ಗೋಡೆಯಿಂದ ಉದುರಿದ ಸುಣ್ಣ ಮೆತ್ತಿದ ಮುಖ, ಬಿಳೀ ಕೂದಲು, ಮೇಲೆ ನೀಲಿ ತಾಡಪತ್ರಿ. ರಿಕ್ಷಾದವನು ಇದ್ಯಾವ ಸೋಂಗಿನ ವೇಷ ಎಂದು ಒಂದು ಕ್ಷಣ ದಿಟ್ಟಿಸಿ, ಮಗುವಿನ ತುಟಿ ನೋಡಿದ್ದೇ ಕ್ಯಾಂಪಿನವರೆಗೂ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಡಾಕ್ಟರು ಕೂಡಲೇ ಮಗುವಿಗೆ ಮಾಸ್ಕು ಹಾಕಿದರು. ಒಂದು ಡೋಸು, ಇನ್ನೊಂದು ಡೋಸು, ಒಂದು ಇಂಜೆಕ್ಷನ್ನು. ಮನಿಷಾ ಮಗಳ ಪಾದ ಹಿಡಿದು ನಿಂತೇ ಇದ್ದಳು. ಅವಳು ಬೇಡಿಕೊಂಡ ದೇವರುಗಳಲ್ಲಿ ಯಲ್ಲೇಶನ ಊರಿನವನೂ ಇದ್ದ, ಭರಮಣ್ಣನ ಊರಿನವನೂ ಇದ್ದ. ಹೊರಗೆ ಮಳೆ ಸಣ್ಣದಾಗುವ ಹೊತ್ತಿಗೆ ತುಟಿಗೆ ಬಣ್ಣ ಮರಳಿತು. ಸೃಷ್ಟಿ ಮಾಸ್ಕಿನೊಳಗಿಂದ ಕಣ್ಣು ಬಿಟ್ಟು ತಾಯಿಯನ್ನು ನೋಡಿ, "ಅಜ್ಜಿ ಆಗೀದಿ," ಎಂದಳು. ಸುಣ್ಣದ ಕೂದಲಿಗೆ!

ಡಾಕ್ಟರು ಕನ್ನಡಕ ತೆಗೆದರು.

"ಮನಿ ಒಡಸೀರಿ. ಛಲೋ. ಕೂಸಿನ್ನ ಎಲ್ಲಿ ಇಟ್ಟಿದ್ರಿ?"

"ಮನ್ಯಾಗರಿ."

"ಯಾವ ಮನ್ಯಾಗ?"

"ಒಡದ ಮನ್ಯಾಗರಿ," ಎಂದಳು ಮನಿಷಾ. ಹೇಳಿದ ಮೇಲೆ ಅವಳಿಗೇ ಕೇಳಿಸಿತು.

ಸಿಮೆಂಟಿಗೆ ಜಾಗ ನೋಡಿದ್ದಳು, ಮಳೆ ತಾಗದಂತೆ ಮೆಟ್ಟಿಲ ಕೆಳಗೆ. ಗ್ರಾನೈಟಿಗೆ ಜಾಗ ನೋಡಿದ್ದಳು, ಗೀರು ಬೀಳದಂತೆ ಗೋಣಿಚೀಲ ಸುತ್ತಿ. ಯಾವುದರ ಸಲುವಾಗಿ ಇಷ್ಟೆಲ್ಲ ಒಡೆಸಿದಳೋ ಆ ಕೂಸು ಅಲ್ಲಿಯವರೆಗೆ ಎಲ್ಲಿ ಉಸಿರಾಡಬೇಕು ಎಂಬುದಕ್ಕೆ ಮಾತ್ರ ಅವಳ ಮಹಾ ಬಜೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ.

"ಆ ಮನಿಗೆ ಒಯ್ಯೂ ಹಂಗಿಲ್ಲ. ಒಣಾ ಜಾಗಾ, ಧೂಳಿಲ್ಲದ ಜಾಗಾ ನೋಡ್ರಿ. ಯಾರೂ ಇಲ್ಲೇನು ನಿಮ್ಮವರು?"

"ನಂದಗಡದಾಗ ಅತ್ತಿ ಮನಿ ಐತ್ರಿ," ಎಂದಳು. ಹಳೆಯ ಹೆದರಿಕೆ ತಾನಾಗಿಯೇ ಬಾಯಿಗೆ ಬಂತು. "ಆದ್ರ ಅವರವು ಕುರಿ ಅದಾವ್ರಿ."

"ಮನ್ಯಾಗ?"

"ಅಲ್ರಿ, ಊರ ಹೊರಗ, ಕುರಿ ಕೂಡಿಹಾಕೂ ದಡ್ಡ್ಯಾಗ."

"ಕುರಿ ಸಿಮೆಂಟ್ ಕಲಸ್ತಾವೇನ್ರಿ?" ಎಂದು ಡಾಕ್ಟರು ಮುಂದಿನ ಮಗುವನ್ನು ನೋಡಲು ಹೋದರು.

ಪಡಸಾಲೆಯ ಬೆಂಚಿನ ಮೇಲೆ ಗಂಡ ಹೆಂಡತಿ ಕೂತರು. ಬಾಳೇಶನ ಮಡಿಲಲ್ಲಿ ಸೃಷ್ಟಿ ನಿದ್ದೆ ಹೋಗಿದ್ದಳು. ಮನಿಷಾ ಬೆರಳು ಒಯ್ದು ಮಗಳ ಮೂಗಿನ ಹತ್ತಿರ ಹಿಡಿದಳು. ಬಾಳೇಶ ಫೋನು ತೆಗೆದ.

"ಅವ್ವಗ ನಾ ಹೇಳ್ತೀನಿ ಬಿಡು. ಇಷ್ಟ ದಿನ ಸುಳ್ಳ ನಾನ ಹೇಳೀನಿ, ಖರೇನೂ ನಾನ ಹೇಳ್ತೀನಿ."

"ಬ್ಯಾಡ್ರಿ. ಬರೂದಿಲ್ಲಂತ ಹೇಳಿದಾಕಿ ನಾನು."

ಅವಳು ತನ್ನ ಫೋನಿನ ಮೇಲಿನ ಸುಣ್ಣ ಸೆರಗಿನಿಂದ ಒರೆಸಿದಳು. ಅತ್ತೆಯ ಹೆಸರು ಹುಡುಕಿದಳು. ಒತ್ತಿದಳು. ಬಹಳ ಹೊತ್ತು ಗಂಟೆ ಹೊಡೆಯಿತು.

"ಯಾರು?"

"ನಾನ್ರಿ ಅತ್ತಿ. ಮನಿಷಾ."

"ಹೂಂ."

ಮಾತು ಕಟ್ಟಿಕೊಂಡು ಬಂದದ್ದೆಲ್ಲ ಮರೆತುಹೋಯಿತು. "ಸೃಷ್ಟಿಗೆ ಉಸುರು ಹಿಡದಿತ್ರಿ. ದವಾಖಾನಿಗೆ ತಂದೀವಿ. ಈಗ ಅಡ್ಡಿಯಿಲ್ರಿ, ಮಲಗ್ಯಾಳ. ಮನಿ ಏನೂ ಮುಗಿದಿಲ್ರಿ ಅತ್ತಿ, ಅವರು ಹೇಳಿದ್ದೆಲ್ಲಾ ಸುಳ್ಳು, ನಾನ ಹೇಳಿಸಿದ್ದು. ಬಚ್ಚಲಿಲ್ಲ, ಒಲಿ ಇಲ್ಲ, ಕರೆಂಟೂ ಹೋಗೇತಿ, ಗ್ವಾಡಿ ಇನ್ನೂ ಹಸೀನ ಐತಿ. ನಾವು ಅಲ್ಲಿ ಬರ್ಲೇನ್ರಿ?"

ಆ ಕಡೆ ರೇಣವ್ವ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಯಾರಿಗೋ, ಗಂಡ ಲಕ್ಷ್ಮಪ್ಪನಿಗೇ ಇರಬೇಕು, "ಹಾಸಗಿ ಬಿಸಲಿಗೆ... ಬಿಸಲೆಲ್ಲೈತಿ, ಒಲಿ ಮುಂದ ಹಿಡೀರಿ ಹಾಸಗಿ," ಎಂದು ಕೂಗಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಳು.

"ಎಷ್ಟ ದಿನಾ ಇರಾಕ ಬರ್ತೀರಿ?"

ಮನಿಷಾ ಬೆರಳ ಮೇಲೆ ದಿನ ಎಣಿಸಿದಳು. ಬಿ.ಕಾಂ. ಡಿಸ್ಟಿಂಕ್ಷನ್ ಹುಡುಕಿ ಹುಡುಕಿ ಸೋತಿತು.

"ಗೊತ್ತಿಲ್ರಿ ಅತ್ತಿ."

"ಹಾಂ!" ಎಂದಳು ರೇಣವ್ವ. "ಕೆಲಸ ಹಿಡದಾಗಿಂದ ಇವತ್ತೊಂದ ಅಂದಾಜು ಖರೇ ಹೇಳ್ದಿ ನೋಡು. ಬಾ, ಲಗೂನ ಬಾ."